ಸೋದರಿಯರ ಮನೆಯ ಬಾಗಿಲು

ಲ್ಯಾಟಿನ್ ಭಾಷೆಯಲ್ಲಿ ಸೋದರಿಗೆ ‘ಸೊರೊರ್’ ಎಂದು ಹೆಸರು. ಅದೂ ಸಂಸ್ಕೃತದ ‘ಸ್ವಸೃ’ ಶಬ್ದವೂ ಒಂದೇ ಬೇರಿನಿಂದ ಚಿಗುರಿದವು. ಸೋದರನನ್ನು ಹೇಳುವ ‘ಫ್ರಾತೆರ್’ ನಮ್ಮ ‘ಭ್ರಾತೃ’ವಿಗೆ ಹೇಗೆ ನೆಂಟನೋ ಹಾಗೆ. ಅಮೆರಿಕದ ಕಾಲೇಜುಗಳಲ್ಲಿ ಗಂಡು ವಿದ್ಯಾರ್ಥಿಗಳು ಕಟ್ಟಿಕೊಂಡ ಗುಪ್ತಸಂಘಗಳಿಗೆ ಈ ಫ್ರಾತೆರ್ ಶಬ್ದದಿಂದ ‘ಫ್ರಟರ್ನಿಟಿ’ ಎಂಬ ಹೆಸರು ಬಂದಿತು. ಹೆಣ್ಣುಮಕ್ಕಳು ತಮ್ಮ ಸಂಘಗಳನ್ನು ಕಟ್ಟಿದಾಗ ಅವಕ್ಕೂ ಕೆಲಕಾಲ ಅದೇ ಹೆಸರೇ ನಡೆಯಿತು. ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ 1874ರಲ್ಲಿ ಗಾಮಾ ಫೈ ಬೀಟಾ ಎಂಬ ಸಂಘ ಹುಟ್ಟಿತು. ಅಲ್ಲಿನ ಲ್ಯಾಟಿನ್ ಅಧ್ಯಾಪಕ ಫ್ರಾಂಕ್ ಸ್ಮಾಲಿ, ಹೆಣ್ಣುಮಕ್ಕಳ ಸಂಘಕ್ಕೆ ‘ಸೊರಾರಿಟಿ’ ಎಂಬ ಮಾತೇ ಒಪ್ಪುವುದೆಂದು ಸೂಚಿಸಿದರೆಂದು ಆ ಸಂಘದವರು ಹೇಳುತ್ತಾರೆ. ಭಾಷಾಧ್ಯಾಪಕನೊಬ್ಬನ ಮಾತು ಲೋಕದಲ್ಲಿ ಹೀಗೆ ಚಲಾವಣೆಗೆ ಬರುವುದು ಅಪರೂಪವಾದುದರಿಂದ ನಾನು ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಈ ಸೊರಾರಿಟಿಗಳಿಗೆ ಹೊಸ ಹುಡುಗಿಯರನ್ನು ಆರಿಸಿಕೊಳ್ಳುವ ಒಂದು ಪರ್ವಕಾಲವುಂಟು. ಬಹುಕಾಲ ಅದನ್ನು ‘ರಷ್’ ಎಂದು ಕರೆಯುತ್ತಿದ್ದರು. ಈಗ ಸಂಘಗಳ ಕಾಗದಪತ್ರಗಳಲ್ಲಿ ‘ರಿಕ್ರೂಟ್‌ಮೆಂಟ್’ ಎಂದು ಬರೆಯುತ್ತಾರಾದರೂ ಹುಡುಗಿಯರ ಬಾಯಲ್ಲಿ ಹಳೆಯ ಮಾತೇ ಉಳಿದಿದೆ. ದಕ್ಷಿಣದ ರಾಜ್ಯಗಳಲ್ಲಿ ಇದರ ಸಡಗರ ಹೆಚ್ಚು. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಆಗಸ್ಟ್ ತಿಂಗಳಿನಲ್ಲಿ, ಪಾಠಗಳು ಆರಂಭವಾಗುವುದಕ್ಕೂ ಮೊದಲೇ, ಎರಡು ಸಾವಿರಕ್ಕಿಂತ ಹೆಚ್ಚು ಹುಡುಗಿಯರು ಇದಕ್ಕೆ ಹೆಸರು ಕೊಡುತ್ತಾರೆ. 2021ರ ಆಗಸ್ಟಿನಲ್ಲಿ ಆ ಹುಡುಗಿಯರು ತಾವು ಅಂದು ತೊಟ್ಟ ಉಡುಪು, ಬಳೆ, ಪಾದರಕ್ಷೆಗಳನ್ನು ಒಂದೊಂದಾಗಿ ತೋರಿಸಿ ಟಿಕ್‌ಟಾಕ್‌ನಲ್ಲಿ ಹಾಕಿದ ತುಣುಕುಚಿತ್ರಗಳನ್ನು ಜಗತ್ತೆಲ್ಲ ನೋಡಿತು. ನೋಡಿದವರು ನಕ್ಕರು. ನಗಲು ಸಾಮಗ್ರಿಯೇನೋ ಇದೆ. ಆದರೆ ಆ ಬಾಗಿಲಿನ ಮುಂದೆ ಹುಡುಗಿಯರು ಹೇಗೆ ಬಂದು ನಿಂತರೆಂಬುದರ ಹಿಂದೆ ನೂರೈವತ್ತು ವರ್ಷಗಳಿಗೂ ಮಿಕ್ಕಿದ ಚರಿತ್ರೆಯಿದೆ.

ಜಾರ್ಜಿಯಾ ರಾಜ್ಯದ ಮೇಕನ್ ಊರಿನ ವೆಸ್ಲಿಯನ್ ಮಹಿಳಾ ಕಾಲೇಜಿನಲ್ಲಿ 1851ರಲ್ಲಿ ಅಡೆಲ್ಫಿಯನ್ ಸಂಘವೂ ಮರುವರ್ಷ ಫಿಲೊಮಥಿಯನ್ ಸಂಘವೂ ಹುಟ್ಟಿದವು. ಇವು ಮೂಲದಲ್ಲಿ ಸಾಹಿತ್ಯ ಸಂಘಗಳು. ಗ್ರೀಕ್ ಅಕ್ಷರಗಳ ಹೆಸರನ್ನು ಅವು ಬಹಳ ಮುಂದೆ ಪಡೆದುಕೊಂಡವು. ಅದು ಹೆಣ್ಣುಮಕ್ಕಳದೇ ಕಾಲೇಜು. ಅಲ್ಲಿ ಅವರು ಯಾರಿಗೂ ಬೇಡದ ಅತಿಥಿಗಳಾಗಿರಲಿಲ್ಲ. ಗಂಡಸರ ಕಾಲೇಜುಗಳು ಬಾಗಿಲನ್ನು ಅರ್ಧ ತೆರೆದು ಹೆಣ್ಣುಮಕ್ಕಳನ್ನು ಒಳಗೆ ಬಿಟ್ಟುಕೊಂಡಾಗ ಕಥೆ ಬೇರೆಯಾಯಿತು.

ಇಂಡಿಯಾನಾ ರಾಜ್ಯದ ಗ್ರೀನ್‌ಕ್ಯಾಸಲ್ ಎಂಬ ಊರಿನ ಆಸ್ಬರಿ ವಿಶ್ವವಿದ್ಯಾಲಯ, ಇಂದಿನ ಡಿಪಾ ವಿಶ್ವವಿದ್ಯಾಲಯ, 1867ರಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಕೊಟ್ಟಿತು. ಹಾಗೆ ಸೇರಿದವರಲ್ಲಿ ಬೆಟ್ಟಿ ಲಾಕ್ ಒಬ್ಬಳು. ಅದೇ ಕಾಲೇಜಿನ ಗಣಿತದ ಪ್ರಾಧ್ಯಾಪಕರ ಮಗಳು. ಗಂಡುಹುಡುಗರ ಸಂಘವೊಂದು ತನ್ನ ಬ್ಯಾಡ್ಜನ್ನು ತೊಟ್ಟುಕೊಳ್ಳುವಂತೆ ಅವಳನ್ನು ಕೇಳಿತಂತೆ. ತೊಟ್ಟುಕೊಂಡರೆ ನಾನು ಸದಸ್ಯೆಯಾಗುತ್ತೇನೆಯೇ, ನಿಮ್ಮ ರಹಸ್ಯಗಳು ನನಗೂ ತಿಳಿಯುತ್ತವೆಯೇ ಎಂದು ಅವಳು ವಿಚಾರಿಸಿದಳು. ಅದು ಆಗದ ಮಾತೆಂದರು. ಹಾಗಾದರೆ ಬ್ಯಾಡ್ಜು ಬೇಡವೆಂದಳು. ಅದರ ಬದಲಿಗೆ ಅವರು ಅವಳಿಗೊಂದು ಬೆಳ್ಳಿಯ ತಿಂಡಿಬುಟ್ಟಿಯನ್ನು ಕಾಣಿಕೆಯಾಗಿ ಕೊಟ್ಟರು. ಬುಟ್ಟಿಯನ್ನು ತೆಗೆದುಕೊಂಡ ಬೆಟ್ಟಿ ಲಾಕ್, 1870ರ ಜನವರಿಯಲ್ಲಿ ಮೂವರು ಗೆಳತಿಯರನ್ನು ಕೂಡಿಕೊಂಡು ತನ್ನದೇ ಸಂಘವನ್ನು ಸ್ಥಾಪಿಸಿದಳು. ಅದೇ ಕಪ್ಪಾ ಆಲ್ಫಾ ಥೀಟಾ. ಆ ಸಂಘ ಈಗಲೂ ತನ್ನನ್ನು ಫ್ರಟರ್ನಿಟಿ ಎಂದೇ ಕರೆದುಕೊಳ್ಳುತ್ತದೆ. ಅವರು ಸಂಘ ಕಟ್ಟುವಾಗ ಸ್ಮಾಲಿಯವರ ಶಬ್ದ ಇನ್ನೂ ಬಂದಿರಲಿಲ್ಲವಷ್ಟೆ.

ಇದಕ್ಕೆ ಮೂರು ವರ್ಷ ಮೊದಲು, 1867ರ ಏಪ್ರಿಲ್‌ನಲ್ಲಿ, ಇಲಿನಾಯ್ ರಾಜ್ಯದ ಮನ್ಮತ್ ಕಾಲೇಜಿನಲ್ಲಿ ಹನ್ನೆರಡು ಹುಡುಗಿಯರು ಬಾಡಿಗೆಯ ಕೋಣೆಯೊಂದರಲ್ಲಿ ಸೇರಿ ಇಂದಿನ ಪೈ ಬೀಟಾ ಫೈ ಸಂಘಕ್ಕೆ ಅಡಿಗಲ್ಲು ಹಾಕಿದ್ದರು. ಇದೇ ಸಂಘ 1912ರಲ್ಲಿ ಟೆನೆಸಿಯ ಗ್ಯಾಟ್ಲಿನ್‌ಬರ್ಗ್ ಎಂಬ ಬೆಟ್ಟದ ಹಳ್ಳಿಯಲ್ಲಿ ಬಡಮಕ್ಕಳಿಗಾಗಿ ಶಾಲೆ ತೆರೆಯಿತು. ಇವರನ್ನು ಬರಿಯ ಅಲಂಕಾರಪ್ರಿಯರೆಂದು ಬಗೆಯುವವರು ಆ ಶಾಲೆಯನ್ನು ಮರೆಯಬಾರದು. ತರಗತಿಯಲ್ಲಿ ಹಿಂದಿನ ಬೆಂಚು, ಬೀದಿಯಲ್ಲಿ ಕುಹಕ, ಓದಿ ಏನು ಮಾಡುವೆಯೆಂಬ ಪ್ರಶ್ನೆ ಎದುರಿಗಿದ್ದ ಕಾಲದಲ್ಲಿ ಹುಡುಗಿಯರು ಒಬ್ಬರಿಗೊಬ್ಬರು ಆಸರೆಯಾಗಲು ಮಾಡಿಕೊಂಡ ಏರ್ಪಾಡು ಇದು.

ಆಸರೆ ಎಂದ ಮೇಲೆ ಅಲ್ಲಿಗೆ ಬರುವವರೂ ಹೆಚ್ಚುತ್ತಾರೆ. ಬರುವವರು ಹೆಚ್ಚಿದ ಮೇಲೆ ಆಯ್ಕೆ. ಒಂದೇ ಕಾಲೇಜಿನಲ್ಲಿ ಹಲವು ಸಂಘಗಳು ಬೆಳೆದಂತೆ ಒಳ್ಳೆಯ ಹುಡುಗಿಯನ್ನು ಬೇರೆಯವರಿಗಿಂತ ಮೊದಲೇ ಹಿಡಿಯಬೇಕೆಂಬ ಆತುರ ಹುಟ್ಟಿತು. ‘ರಷ್’ ಎಂಬ ಹೆಸರು ಬಂದದ್ದೇ ಈ ನುಗ್ಗಾಟದಿಂದ. ಹುಡುಗಿ ಇನ್ನೂ ಕಾಲೇಜಿಗೆ ಸೇರಿರುವುದೇ ಇಲ್ಲ, ಆಗಲೇ ಅವಳಿಂದ ವಚನ ಪಡೆದಾಗಿರುತ್ತಿತ್ತು. ಅಲ್ಫಾ ಫೈ ಸಂಘದ ಕರೆಯ ಮೇರೆಗೆ 1902ರ ಮೇ ತಿಂಗಳಲ್ಲಿ ಏಳು ಸಂಘಗಳ ಪ್ರತಿನಿಧಿಗಳು ಚಿಕಾಗೋದಲ್ಲಿ ಸೇರಿದರು. ಕಾಲೇಜಿಗೆ ಸೇರುವ ಮೊದಲು ಯಾವ ಹುಡುಗಿಯಿಂದಲೂ ವಚನ ತೆಗೆದುಕೊಳ್ಳಬಾರದೆಂಬುದು ಅವರು ಆರಂಭದಲ್ಲಿ ಮಾಡಿಕೊಂಡ ಒಪ್ಪಂದಗಳಲ್ಲಿ ಒಂದು. ಆ ಸಭೆಯಿಂದ ಬೆಳೆದ ಪ್ಯಾನ್‌ಹೆಲೆನಿಕ್ ಸಮ್ಮೇಳನದಲ್ಲಿ ಈಗ 26 ಸಂಘಗಳಿವೆ.

ಇನ್ನು ಸಿದ್ಧತೆಯ ವಿಚಾರ. ಅಮೆರಿಕದಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಮಗಳ ಓಡಾಟವನ್ನು ವರ್ಣಿಸಿ ಬರೆದ ಪತ್ರದಲ್ಲಿ, “ಮೇಷ್ಟ್ರೇ, ಹೆಣ್ಣು ನೋಡುವ ಶಾಸ್ತ್ರವನ್ನು ತಪ್ಪಿಸಿಕೊಂಡು ಇಷ್ಟು ದೂರ ಬಂದೆವು. ಇಲ್ಲಿ ನೋಡಿದರೆ ಹೆಣ್ಣುಗಳೇ ಹೆಣ್ಣು ನೋಡುತ್ತಿದ್ದಾರೆ” ಎಂದಿದ್ದರು. ಉಪಮಾನ ಚೆನ್ನಾಗಿದೆ, ಪೂರ್ತಿ ಹೊಂದುವುದಿಲ್ಲವೇಕೆಂಬುದನ್ನು ಮುಂದೆ ಹೇಳುತ್ತೇನೆ.

ಹುಡುಗಿ ಪ್ರೌಢಶಾಲೆಯ ಕೊನೆಯ ವರ್ಷದಲ್ಲಿರುವಾಗಲೇ ಕೆಲಸ ಮೊದಲಾಗುತ್ತದೆ. ಅಂಕಪಟ್ಟಿ, ಮಾಡಿದ ಸೇವಾಕಾರ್ಯಗಳ ವಿವರ, ಒಳ್ಳೆಯ ಭಾವಚಿತ್ರ. ಈಚೆಗೆ ಒಂದು ಪರಿಚಯದ ವಿಡಿಯೊ ಕೂಡ. ಇವೆಲ್ಲಕ್ಕಿಂತ ಮಿಗಿಲಾದದ್ದು ಶಿಫಾರಸು ಪತ್ರ. ಆಯಾ ಸಂಘದ ಹಳೆಯ ಸದಸ್ಯೆಯೊಬ್ಬಳು, ಈ ಹುಡುಗಿ ನಮಗೆ ತಕ್ಕವಳು ಎಂದು ಬರೆದುಕೊಡಬೇಕು. ಅಮ್ಮನ ಗೆಳತಿ, ಚರ್ಚಿನ ಪರಿಚಯಸ್ಥೆ, ಪಕ್ಕದ ಬೀದಿಯ ವಕೀಲರ ಹೆಂಡತಿ ಹೀಗೆ ಹುಡುಕುತ್ತ ಹೋಗಬೇಕು. ತಾಯಿಯೋ ಅಜ್ಜಿಯೋ ಅದೇ ಸಂಘದವರಾಗಿದ್ದರೆ ಹುಡುಗಿಯನ್ನು ‘ಲೆಗಸಿ’ ಎನ್ನುತ್ತಿದ್ದರು, ಎಂದರೆ ಪರಂಪರೆಯ ಹಕ್ಕುದಾರಳು. 2020ರಿಂದೀಚೆಗೆ ಹಲವು ಸಂಘಗಳು ಲೆಗಸಿಗೆ ಕೊಡುತ್ತಿದ್ದ ಆದ್ಯತೆಯನ್ನೂ ಶಿಫಾರಸು ಪತ್ರದ ಕಡ್ಡಾಯವನ್ನೂ ಕೈಬಿಟ್ಟಿವೆ. ಕೈಬಿಟ್ಟದ್ದು ಏಕೆಂಬುದನ್ನು ಊಹಿಸುವುದು ಕಷ್ಟವಲ್ಲ: ತಲೆಮಾರಿನಿಂದ ಕಾಲೇಜು ಕಂಡ ಮನೆಯ ಹುಡುಗಿಗೆ ಪತ್ರ ಬರೆಯುವವರು ಹತ್ತು ಮಂದಿ, ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವಳಿಗೆ ಒಬ್ಬರೂ ಇಲ್ಲ.

ಉಡುಪಿನ ಮಾತನ್ನು ನಾನು ಬೆಳೆಸುವುದಿಲ್ಲ. ಮೊದಲ ದಿನಕ್ಕೆ ಸರಳವಾದದ್ದು, ಕೊನೆಯ ದಿನಕ್ಕೆ ಘನವಾದದ್ದು ಎಂಬ ಕ್ರಮವುಂಟು ಎಂದರೆ ಸಾಕು. ಮಾತಿನ ಅಭ್ಯಾಸ ಇದಕ್ಕಿಂತ ಸ್ವಾರಸ್ಯದ್ದು. ಹುಡುಗರು, ಮದ್ಯ, ಧರ್ಮ, ರಾಜಕೀಯ, ಹಣ ಇವನ್ನು ಎತ್ತಬಾರದೆಂದು ಬಲ್ಲವರು ಉಪದೇಶಿಸುತ್ತಾರೆ. ಇಂಗ್ಲಿಷಿನಲ್ಲಿ ಐದಕ್ಕೂ ‘ಬಿ’ ಅಕ್ಷರದ ಮಾತುಗಳನ್ನು ಹುಡುಕಿ ಸೂತ್ರವಾಗಿಸಿದ್ದಾರೆ. ಇವೆಲ್ಲವನ್ನೂ ಬಿಟ್ಟರೆ ಹದಿನೆಂಟು ವರ್ಷದವರಿಗೆ ಮಾತಾಡಲು ಏನುಳಿಯಿತೆಂದು ನನಗೆ ಸೋಜಿಗ. ಶುಲ್ಕ ಪಡೆದು ಇದಕ್ಕೆ ತರಬೇತಿ ಕೊಡುವ ಸಲಹೆಗಾರ್ತಿಯರೂ ಇದ್ದಾರೆ.

ಒಳಗಿರುವವರ ಸಿದ್ಧತೆಯೂ ಕಡಿಮೆಯದಲ್ಲ. ಸಂಘದ ಸದಸ್ಯೆಯರು ಒಂದು ವಾರ ಮೊದಲೇ ಬಂದು, ಬಾಗಿಲಲ್ಲಿ ಹಾಡುವ ಹಾಡು, ಚಪ್ಪಾಳೆ, ನಿಲ್ಲುವ ಭಂಗಿ ಎಲ್ಲವನ್ನೂ ರೂಢಿಸಿಕೊಳ್ಳುತ್ತಾರೆ. ಬಾಗಿಲು ತೆರೆದೊಡನೆ ಒಬ್ಬೊಬ್ಬ ಅತಿಥಿಗೂ ಒಬ್ಬೊಬ್ಬ ಸದಸ್ಯೆ. ಕೆಲವು ನಿಮಿಷ ಮಾತಾಡುತ್ತಿದ್ದಂತೆ ಇನ್ನೊಬ್ಬಳು ನಗುತ್ತ ಬಂದು ಅತಿಥಿಯನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತಾಳೆ, ಆಮೇಲೆ ಮತ್ತೊಬ್ಬಳು. ರಾತ್ರಿ ಕುಳಿತು ಇವರೆಲ್ಲ ಅಂಕ ಹಾಕುತ್ತಾರೆ. ಹೀಗೆ ಸುತ್ತಿನ ಮೇಲೆ ಸುತ್ತು. ಪ್ರತಿ ಸುತ್ತಿಗೂ ಹುಡುಗಿಗೆ ಕರೆ ಬರುವ ಮನೆಗಳು ಕಡಿಮೆಯಾಗುತ್ತವೆ. ಕೊನೆಯ ಸುತ್ತಿಗೆ ಉಳಿಯುವುದು ಹೆಚ್ಚೆಂದರೆ ಎರಡು ಮೂರು ಮನೆ. ಅಲ್ಲಿ ಗದ್ದಲವಿಲ್ಲ, ಮಂದವಾದ ಬೆಳಕು, ಮೇಣದ ಬತ್ತಿ, ಮೆಲುದನಿ. ಎಷ್ಟೋ ಮಂದಿ ಅಳುತ್ತಾರೆ. ಅಲ್ಲಿಂದ ಹೊರಬಿದ್ದ ಕ್ಷಣದಿಂದ ಫಲಿತಾಂಶದವರೆಗೆ ಸದಸ್ಯೆಯರೂ ಹುಡುಗಿಯೂ ಒಬ್ಬರೊಡನೊಬ್ಬರು ಮಾತಾಡಕೂಡದು. ಅದು ಮೌನದ ನಿಯಮ.

ಹೆಣ್ಣು ನೋಡುವ ಶಾಸ್ತ್ರದ ಉಪಮಾನ ಸೋಲುವುದು ಇಲ್ಲಿ. ಕೊನೆಯ ಸುತ್ತು ಮುಗಿದ ಮೇಲೆ ಹುಡುಗಿಯೂ ತನ್ನ ಇಷ್ಟದ ಕ್ರಮದಲ್ಲಿ ಮನೆಗಳ ಹೆಸರು ಬರೆದು ಸಹಿ ಹಾಕುತ್ತಾಳೆ. ಸಂಘಗಳೂ ತಮ್ಮ ಪಟ್ಟಿಯನ್ನು ಕೊಡುತ್ತವೆ. ಎರಡನ್ನೂ ಹೊಂದಿಸಿ ಸೇರಿಸುತ್ತಾರೆ. ಸ್ವಯಂವರವೆನ್ನೋಣವೆಂದರೆ ಮಾಲೆ ಇಬ್ಬರ ಕೈಯಲ್ಲೂ ಇದೆ. ಈ ಪದ್ಧತಿ 1920ರ ದಶಕದ ಕೊನೆಯ ಹೊತ್ತಿಗೆ ರೂಪುಗೊಂಡಿತು. ಆಲ್ವಿನ್ ರಾತ್ ಎಂಬ ಅರ್ಥಶಾಸ್ತ್ರಜ್ಞರು ಸೂಸನ್ ಮಾಂಗೆಲ್ ಅವರೊಡನೆ ಇದನ್ನು ಅಭ್ಯಾಸಮಾಡಿ 1991ರಲ್ಲಿ ಪ್ರಬಂಧ ಪ್ರಕಟಿಸಿದರು. ಬಹುಮಂದಿ ಹುಡುಗಿಯರು ತಮಗೆ ಅವಕಾಶವಿದ್ದರೂ ಎರಡನೆಯ, ಮೂರನೆಯ ಹೆಸರು ಬರೆಯದೆ ಒಂದೇ ಹೆಸರು ಬರೆಯುತ್ತಿದ್ದರೆಂದು ಅವರು ಕಂಡರು. ಎರಡನೆಯ ಹೆಸರು ಬರೆದರೆ ಅದೇ ಗಂಟುಬಿದ್ದೀತೆಂಬ ಲೆಕ್ಕಾಚಾರ. ಬರೆಯದಿದ್ದರೆ ಮೊದಲನೆಯ ಮನೆಯಲ್ಲಿ ಆಮೇಲಾದರೂ ಜಾಗ ತೆರವಾದೀತೆಂಬ ಆಸೆ. ವೈದ್ಯರನ್ನೂ ಆಸ್ಪತ್ರೆಗಳನ್ನೂ, ಮಕ್ಕಳನ್ನೂ ಶಾಲೆಗಳನ್ನೂ ಹೊಂದಿಸುವ ಇಂಥ ವ್ಯವಸ್ಥೆಗಳ ಮೇಲಿನ ಕೆಲಸಕ್ಕಾಗಿ ರಾತ್ ಅವರಿಗೆ 2012ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಹುಡುಗಿಯರ ಈ ಚೀಟಿಗಳೂ ಆ ದಾರಿಯ ಒಂದು ಮೆಟ್ಟಿಲು.

ಆದರೆ ಮೊದಲ ಸುತ್ತಿನಲ್ಲೇ ಬಾಗಿಲು ಮುಚ್ಚಿಕೊಂಡರೆ ಚೀಟಿ ಬರೆಯುವ ಹೊತ್ತು ಬರುವುದೇ ಇಲ್ಲ. ಯೆಹೂದಿ ಹುಡುಗಿಯರನ್ನು ಹಳೆಯ ಸಂಘಗಳು ಸೇರಿಸದಿದ್ದುದರಿಂದ 1909ರಲ್ಲಿ ನ್ಯೂಯಾರ್ಕಿನ ಬಾರ್ನರ್ಡ್ ಕಾಲೇಜಿನಲ್ಲಿ ಅಲ್ಫಾ ಎಪ್ಸಿಲಾನ್ ಫೈ ಹುಟ್ಟಿತು. ಕ್ಯಾಥೊಲಿಕ್ ಹುಡುಗಿಯರಿಗಾಗಿ 1912ರಲ್ಲಿ ಮಿಷಿಗನ್‌ನಲ್ಲಿ ಥೀಟಾ ಫೈ ಅಲ್ಫಾ. ಕಪ್ಪು ಜನಾಂಗದ ಹೆಣ್ಣುಮಕ್ಕಳು ಇವರಿಗಿಂತ ಮೊದಲೇ, 1908ರಲ್ಲಿ, ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಅಲ್ಫಾ ಕಪ್ಪಾ ಅಲ್ಫಾ ಸಂಘವನ್ನು ಕಟ್ಟಿದ್ದರು. 1913ರಲ್ಲಿ ಅಲ್ಲಿಯೇ ಹುಟ್ಟಿದ ಡೆಲ್ಟಾ ಸಿಗ್ಮಾ ಥೀಟಾದ ಹುಡುಗಿಯರು ಎರಡು ತಿಂಗಳು ಕಳೆಯುವುದರೊಳಗೆ, ಮಾರ್ಚ್ 3ರಂದು, ಸ್ತ್ರೀಯರ ಮತದ ಹಕ್ಕಿಗಾಗಿ ನಡೆದ ದೊಡ್ಡ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದರು. ಸಂಘಕ್ಕೆ ಸೇರುವ ಸಿದ್ಧತೆಯೆಂದರೆ ಇದೂ ಒಂದು ಬಗೆ. ತಮಿಳುನಾಡಿನ ಮೂಲದ ಶ್ಯಾಮಲಾ ಗೋಪಾಲನ್ ಅವರ ಮಗಳು ಕಮಲಾ ಹ್ಯಾರಿಸ್ 1986ರಲ್ಲಿ ಹೊವಾರ್ಡಿನಲ್ಲಿ ಓದುತ್ತಿದ್ದಾಗ ಸೇರಿದ್ದು ಅಲ್ಫಾ ಕಪ್ಪಾ ಅಲ್ಫಾಕ್ಕೆ.

ಮುಚ್ಚಿದ ಬಾಗಿಲುಗಳ ನೋವು ಒಂದು ವಿಶ್ವವಿದ್ಯಾಲಯಕ್ಕಂತೂ ತಾಳಲಾರದಷ್ಟಾಯಿತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ 1944ರಲ್ಲಿ ಸೊರಾರಿಟಿಗಳನ್ನೇ ರದ್ದುಮಾಡಿತು. ಮೂರು ದಶಕಗಳವರೆಗೆ ಅಲ್ಲಿ ಅವು ತಲೆಯೆತ್ತಲಿಲ್ಲ. ಅಲಬಾಮಾದಲ್ಲಿ ಹಾಗಾಗಲಿಲ್ಲ. ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ರಾಜ್ಯಪಾಲ ವಾಲೆಸ್ ಬಾಗಿಲಿಗೆ ಅಡ್ಡ ನಿಂತದ್ದು ಅದೇ ವಿಶ್ವವಿದ್ಯಾಲಯದಲ್ಲಿ, 1963ರ ಜೂನ್‌ನಲ್ಲಿ. ಆ ಬಾಗಿಲು ಅಂದೇ ತೆರೆಯಿತು. ಸೊರಾರಿಟಿಯ ಬಾಗಿಲು ತೆರೆಯಲು ಇನ್ನೂ 50 ವರ್ಷ ಬೇಕಾಯಿತು. 2013ರ ಸೆಪ್ಟೆಂಬರಿನಲ್ಲಿ ಅಲ್ಲಿನ ವಿದ್ಯಾರ್ಥಿಗಳ ಪತ್ರಿಕೆ ‘ಕ್ರಿಮ್ಸನ್ ವೈಟ್’ ಒಂದು ವರದಿಯನ್ನು ಪ್ರಕಟಿಸಿತು. ಓದಿನಲ್ಲಿ ಬಹಳ ಮುಂದಿದ್ದ ಕಪ್ಪು ಹುಡುಗಿಯೊಬ್ಬಳನ್ನು ಬಿಳಿಯರ ಸಂಘಗಳು ಯಾವುವೂ ತೆಗೆದುಕೊಳ್ಳಲಿಲ್ಲ. ಒಳಗಿನ ಹುಡುಗಿಯರು ಕೆಲವರು ಅವಳನ್ನು ಬಯಸಿದರೂ ಹಳೆಯ ಸದಸ್ಯೆಯರು ಅಡ್ಡಬಂದರು. ಈ ಮಾತನ್ನು ಹೊರಗೆ ಹೇಳಿದವರು ಸಂಘದ ಹುಡುಗಿಯರೇ. ಒಬ್ಬಿಬ್ಬರಾದರೂ ತಮ್ಮ ಹೆಸರನ್ನೇ ಕೊಟ್ಟು ಹೇಳಿದರು. ಗುಪ್ತಸಂಘದಲ್ಲಿ ಇದ್ದುಕೊಂಡು ಹಾಗೆ ಹೇಳುವುದು ಎಂಥ ಎದೆಗಾರಿಕೆಯ ಕೆಲಸವೆಂಬುದನ್ನು ಯೋಚಿಸಬೇಕು. ವಿದ್ಯಾರ್ಥಿಗಳೂ ಅಧ್ಯಾಪಕರೂ ಮೆರವಣಿಗೆ ನಡೆಸಿದರು. ವಿಶ್ವವಿದ್ಯಾಲಯದ ಅಧ್ಯಕ್ಷೆ ಜೂಡಿ ಬಾನರ್ ಅವರು ಆಯ್ಕೆಯನ್ನು ಮತ್ತೆ ತೆರೆಯಿಸಿದರು. ಕೆಲವು ಕಪ್ಪು ಹುಡುಗಿಯರಿಗೆ ಆ ತಿಂಗಳಲ್ಲೇ ಕರೆ ಬಂದಿತು, ಕೆಲವರು ಒಪ್ಪಿ ಸೇರಿದರು. ಬೆಟ್ಟಿ ಲಾಕ್ ಕೇಳಿದ ಪ್ರಶ್ನೆಯನ್ನು ಈ ಬಾರಿ ಹೆಣ್ಣುಮಕ್ಕಳು ಹೆಣ್ಣುಮಕ್ಕಳನ್ನೇ ಕೇಳಬೇಕಾಯಿತು.

ನಮ್ಮ ಕಡೆಯಿಂದ ಹೋದವರ ಮಕ್ಕಳೂ ಈ ಚರಿತ್ರೆಗೆ ಒಂದು ಪುಟ ಸೇರಿಸಿದ್ದಾರೆ. 1998ರ ಒಂದೇ ವರ್ಷದಲ್ಲಿ ದಕ್ಷಿಣ ಏಷ್ಯಾ ಮೂಲದ ಹುಡುಗಿಯರಿಗಾಗಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಕಪ್ಪಾ ಫೈ ಗಾಮಾ, ಹೂಸ್ಟನ್ ವಿಶ್ವವಿದ್ಯಾಲಯದಲ್ಲಿ ಡೆಲ್ಟಾ ಫೈ ಒಮೇಗಾ, ನ್ಯೂಯಾರ್ಕಿನಲ್ಲಿ ಸಿಗ್ಮಾ ಸಿಗ್ಮಾ ರೋ ಹುಟ್ಟಿದವು. ನನ್ನ ವಿದ್ಯಾರ್ಥಿನಿಯ ಮಗಳು ಇಂಥ ಸಂಘವನ್ನು ಆರಿಸದೆ ದೊಡ್ಡ ಸಾಲಿನಲ್ಲೇ ನಿಂತಳು. ಒಂದು ಮನೆ ಅವಳನ್ನು ಕರೆಯಿತು. ಸೇರಿದ ಮೇಲೆ ಹಿರಿಯಳೊಬ್ಬಳನ್ನು ‘ಬಿಗ್’ ಎಂದು ಗೊತ್ತುಮಾಡಿದರಂತೆ, ಇವಳು ಆಕೆಯ ‘ಲಿಟ್ಲ್’. ಇಂಗ್ಲಿಷಿನಲ್ಲಿ ಸೋದರಿಗೆ ಒಂದೇ ಮಾತಿರುವುದರಿಂದ ಅವರು ಈ ವಿಶೇಷಣಗಳನ್ನು ಹುಡುಕಬೇಕಾಯಿತು. ತಾಯಿ ಮನೆಯಲ್ಲಿ ಆ ಹಿರಿಯ ಹುಡುಗಿಯನ್ನು ‘ನಿನ್ನ ಅಕ್ಕ’ ಎಂದೇ ಹೇಳುತ್ತಾರೆ.

ಅಲಬಾಮಾದಲ್ಲಿ ಫಲಿತಾಂಶದ ದಿನ ಹುಡುಗಿಯರೆಲ್ಲ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಸೇರುತ್ತಾರೆ. ಲಕೋಟೆ ಕೊಡುತ್ತಾರೆ. ಸಂಜ್ಞೆಯಾದೊಡನೆ ಒಡೆದು ಓದಿ, ಕೂಗುತ್ತ, ತಮ್ಮ ತಮ್ಮ ಮನೆಗಳತ್ತ ಓಡುತ್ತಾರೆ. ಬಾಗಿಲಲ್ಲಿ ಅಕ್ಕಂದಿರು ಕಾಯುತ್ತಿರುತ್ತಾರೆ. ಚಿತ್ರಗಳಲ್ಲಿ ನಾವು ನೋಡುವುದು ಆ ಓಟವನ್ನು. ಎಲ್ಲಿಯೂ ಜಾಗ ದೊರೆಯದ ಹುಡುಗಿಗೆ ಅದಕ್ಕೂ ಮೊದಲೇ ಫೋನು ಬರುತ್ತದೆ. ಆ ವಾರಕ್ಕಾಗಿ ತನ್ನ ಸಂಘದ ನಂಟನ್ನು ಬದಿಗಿಟ್ಟು ಹೊಸಬರ ನಿಗಾ ನೋಡಲು ನಿಂತ ಹಿರಿಯ ವಿದ್ಯಾರ್ಥಿನಿಯೊಬ್ಬಳು ಆ ಫೋನು ಮಾಡಬೇಕು. ಏನು ಹೇಳಬೇಕೆಂಬುದನ್ನು ಅವಳಿಗೂ ಮೊದಲೇ ಕಲಿಸಿರುತ್ತಾರೆ.