ಮೊಳೆಯಿಲ್ಲದ ಮುಚ್ಚಿಗೆ

ಸ್ಯಾನ್ ಡಿಯಾಗೊ ಕೊಲ್ಲಿಯಾಚೆಯ ಹೋಟೆಲ್ ಡೆಲ್ ಕೊರೊನಾಡೊ ನೋಡಲು ಬರುವವರು ಕೆಂಪು ಗೋಪುರದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ‘ಸಮ್ ಲೈಕ್ ಇಟ್ ಹಾಟ್’ ಚಿತ್ರಕ್ಕೆಂದು 1958ರಲ್ಲಿ ಮರ್ಲಿನ್ ಮನ್ರೊ ಓಡಾಡಿದ್ದು ಎಲ್ಲಿ ಎಂದು ಹುಡುಕುತ್ತಾರೆ. ನಾನು ಮಲೆನಾಡಿನ ಬಡಗಿಯ ಮಗ. ನನ್ನ ಕಣ್ಣೆಲ್ಲ ಒಳಗಿನ ಕ್ರೌನ್ ರೂಮ್ ಎಂಬ ಹಜಾರದ ಮುಚ್ಚಿಗೆಯ ಮೇಲೆ. 33 ಅಡಿ ಎತ್ತರದಲ್ಲಿ ಕಮಾನಾಗಿ ಬಾಗಿದ ಶುಗರ್ ಪೈನ್ ಹಲಗೆಗಳು. ಕಬ್ಬಿಣದ ಮೊಳೆಯಿಲ್ಲ, ಮರದ ಗೂಟಗಳೇ ಹಿಡಿದು ನಿಲ್ಲಿಸಿವೆ. ನಮ್ಮಪ್ಪ ನೋಡಿದ್ದರೆ ಅಂದು ಊಟಕ್ಕೂ ಏಳುತ್ತಿರಲಿಲ್ಲ.

ಎಲಿಶಾ ಬ್ಯಾಬ್‌ಕಾಕ್ ಮತ್ತು ಹ್ಯಾಂಪ್ಟನ್ ಸ್ಟೋರಿ 1885ರಲ್ಲಿ ಕೊಂಡಾಗ ಈ ಜಾಗ ಕುರುಚಲು ಬೆಳೆದ ಮರಳುನೆಲ. ನಿವೇಶನಗಳನ್ನು ಹರಾಜು ಹಾಕಿ ಬಂದ ಹಣ ಹೋಟೆಲಿಗೆ ಹೋಯಿತು. ನಕ್ಷೆ ರೀಡ್ ಸಹೋದರರದು. ಮರ ಬಂದದ್ದು ಉತ್ತರದ ಯುರೇಕಾದಿಂದ. ಕೊಯ್ಯುವ ಗಿರಣಿ, ಇಟ್ಟಿಗೆಯ ಗೂಡು ಎಲ್ಲ ಇಲ್ಲೇ ಎದ್ದವು. 1887ರ ಮಾರ್ಚಿನಲ್ಲಿ ಕೆಲಸ ಹಿಡಿದು, ಮರುವರ್ಷದ ಫೆಬ್ರವರಿಗೆ ಅತಿಥಿಗಳನ್ನು ಬರಮಾಡಿಕೊಂಡರು. ಆ ದಿನಕ್ಕೇ ಕೋಣೆಗಳಲ್ಲಿ ವಿದ್ಯುದ್ದೀಪವಿತ್ತು!

ಇಷ್ಟು ಬೇಗ ಕಟ್ಟಿದವರಾರು? ಕೆಲಸಗಾರರಲ್ಲಿ ಬಹಳ ಮಂದಿ ಸ್ಯಾನ್ ಫ್ರಾನ್ಸಿಸ್ಕೊ ಕಡೆಯಿಂದ ಕರೆತಂದ ಚೀನೀಯರು. ಪಳಗಿದ ಬಡಗಿಗಳು ಸಿಗದೆ, ಇವರಿಗೆ ಕೆಲಸದ ಜಾಗದಲ್ಲೇ ಕಸುಬು ಕಲಿಸಿದರು. ಚೀನೀ ಕೂಲಿಕಾರರು ದೇಶದೊಳಗೆ ಬರಬಾರದೆಂಬ ಕಾನೂನು 1882ರಲ್ಲೇ ಆಗಿತ್ತು. ಬೇಡವೆನ್ನಿಸಿಕೊಂಡವರ ಕೈಯಿಂದಲೇ ಇಷ್ಟು ದೊಡ್ಡ ಮನೆ ಎದ್ದಿತು ಎಂಬುದು ನನ್ನನ್ನು ಬಿಡದೆ ಕಾಡುತ್ತದೆ.

ಮರದ ಹೋಟೆಲಿಗೆ ಬೆಂಕಿಯೇ ಶತ್ರು. ಇದರ ಕೆಲಸ ಶುರುವಾದ ಬೆನ್ನಿಗೇ, ಏಪ್ರಿಲಿನಲ್ಲಿ, ಮಾಂಟೆರೇಯ ಹೋಟೆಲ್ ಡೆಲ್ ಮಾಂಟೆ ಸುಟ್ಟುಹೋಯಿತು. ಬೆಂಕಿಗೆ ಸಿಗದವನ್ನು ನೆಲದ ಬೆಲೆ ನುಂಗಿತು: ಫ್ಲಾರಿಡಾದಲ್ಲಿ 1897ರ ಬೆಲ್‌ವ್ಯೂ ಬಿಲ್ಟ್‌ಮೋರನ್ನು 2015ರಲ್ಲಿ ಕೆಡವಿದರು, ಒಂದು ತುಂಡನ್ನಷ್ಟೇ ಬೇರೆಡೆಗೆ ಸರಿಸಿ ಉಳಿಸಿಕೊಂಡರು. ಕೊರೊನಾಡೊಗೂ ಅದೇ ಗತಿ ಬರಬಹುದಿತ್ತು. 1963ರಲ್ಲಿ ಕೊಂಡ ಲ್ಯಾರಿ ಲಾರೆನ್ಸ್‌ಗೆ ಮೊದಲು ಕೆಡವುವ ಯೋಚನೆಯಿತ್ತು. ಆಮೇಲೆ ಮನಸ್ಸು ಬದಲಿಸಿ ದುರಸ್ತಿಗೆ ಕೈಹಾಕಿದರು. 1977ರಲ್ಲಿ ಕಟ್ಟಡ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು.

2025ರಲ್ಲಿ ಮುಗಿದ ಜೀರ್ಣೋದ್ಧಾರಕ್ಕೆ ಸುಮಾರು 55 ಕೋಟಿ ಡಾಲರ್ ಹಿಡಿಯಿತು. ಹಳೆಯ ಫೋಟೊಗಳನ್ನು ಮುಂದಿಟ್ಟುಕೊಂಡು ಮುಂಜಗಲಿಯನ್ನು 1888ರ ರೂಪಕ್ಕೆ ತಂದಿದ್ದಾರೆ. ಜಗಲಿಯ ಕಂಬಕ್ಕೆ ತೋರಿದ ಈ ಶ್ರದ್ಧೆ ಉಳಿ ಹಿಡಿದವರಿಗೂ ಸಲ್ಲಬೇಕು. ಗೋಪುರ ತೋರಿಸುವಾಗ ಮನ್ರೊ ಹೆಸರಿಗಿಂತ ಮುಂಚೆ ಆ ಚೀನೀ ಕೆಲಸಗಾರರ ಮಾತು ಬರಲಿ.