ಸೈಕಲ್ಲಿನ ಪಕ್ಕದ ನಾಯಿ

1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಸೈಕಲ್ ತಂದ. 1888ರಲ್ಲಿ ಡನ್‌ಲಪ್‌ನ ಗಾಳಿ ಟೈರು ಬಂತು. ಸೈಕಲ್ ಯುರೋಪಿನ ಊರೂರಿಗೂ ಹೋಯಿತು. ಊರೂರಿನ ನಾಯಿಗಳು ಅದರ ಬೆನ್ನಿಗೆ ಬಿದ್ದವು. ಫ್ರಾನ್ಸಿನಲ್ಲಿ ಸವಾರರಿಗೆಂದೇ ‘ವೆಲೋ-ಡಾಗ್’ ಎಂಬ ಪುಟ್ಟ ರಿವಾಲ್ವರ್ ಮಾರಾಟಕ್ಕೆ ಬಂತು. ಕೊಲ್ಲಲು ಮನಸ್ಸಿಲ್ಲದವರಿಗೆ ಖಾರದ ಪುಡಿ ತುಂಬಿದ ತೋಟಾಗಳೂ ಇದ್ದವು.

ಈ ಹಗೆಗಳನ್ನು ಜೋಡಿ ಮಾಡಿದ ಕಥೆ ಜರ್ಮನಿಯದು. ಅಲ್ಲಿ ಬೇಲಿಯಿಲ್ಲದ ಹೊಲಗಳ ನಡುವೆ ಕುರಿ ಮೇಯುವಾಗ ನಾಯಿಯೇ ಬೇಲಿ. ಮಂದೆಗೂ ಬೆಳೆಗೂ ನಡುವಿನ ಗೆರೆಯುದ್ದಕ್ಕೂ ಅದು ದಿನವಿಡೀ ಓಡಾಡಬೇಕು. ಅದಕ್ಕೆ ನಾಗಾಲೋಟ ಒದಗದು. ನಡಿಗೆಗೂ ನಾಗಾಲೋಟಕ್ಕೂ ನಡುವಿನ ‘ಟ್ರಾಟ್’ ಬೇಕು. 1899ರ ಏಪ್ರಿಲ್‌ನಲ್ಲಿ ಮಾಜಿ ಅಶ್ವದಳ ಅಧಿಕಾರಿ ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಜರ್ಮನ್ ಶೆಫರ್ಡ್ ನಾಯಿಗಳ ಸಂಘ ಕಟ್ಟಿದಾಗ ಆತನ ಕಣ್ಣು ರೂಪಕ್ಕಿಂತ ಈ ದುಡಿಮೆಯ ಮೇಲಿತ್ತು.

ಕುರಿಮಂದೆಗಳು ಕರಗಿದವು, ನಾಯಿ ಪೊಲೀಸರ, ಸೈನ್ಯದ ಕೆಲಸಕ್ಕೆ ಹೋಯಿತು. ಕುರಿಯೇ ಇಲ್ಲದ ಮೇಲೆ ಅದರ ಕಸುವನ್ನು ಅಳೆಯುವುದು ಹೇಗೆ? ಮನುಷ್ಯನ ಕಾಲಿಗೆ ಕಷ್ಟವಾದ ಟ್ರಾಟ್, ಸೈಕಲ್ಲಿಗೆ ಸಲೀಸು. ಹಾಗಾಗಿ ಈ ತಳಿಯ ಸಹನಶಕ್ತಿ ಪರೀಕ್ಷೆ ನಡೆಯುವುದು ಸೈಕಲ್ಲಿನ ಪಕ್ಕದಲ್ಲಿ: 20 ಕಿಲೋಮೀಟರ್, ಗಂಟೆಗೆ 12ರಿಂದ 15ರ ವೇಗ. 8ನೇ ಕಿಲೋಮೀಟರಿಗೊಮ್ಮೆ, 15ಕ್ಕೊಮ್ಮೆ ವಿರಾಮ. ಆಗ ಪಾದಗಳ ತಪಾಸಣೆ. 16 ತಿಂಗಳು ತುಂಬದ ನಾಯಿಗೆ ಪ್ರವೇಶವಿಲ್ಲ. ಅಂಕಗಳಿಲ್ಲ, ಪಾಸು ಅಥವಾ ಫೇಲು, ಅಷ್ಟೆ. ಮೊದಲು ಮುಟ್ಟಿದವನಿಗೆ ಬಹುಮಾನವೂ ಇಲ್ಲ. ಅಂದರೆ ವೇಗ ಗೊತ್ತುಮಾಡುವುದು ಸವಾರನಲ್ಲ, ನಾಯಿಯ ಕಾಲು.

ಪುಣೆ, ಹೈದರಾಬಾದ್‌ಗಳ ಅಪಾರ್ಟ್‌ಮೆಂಟುಗಳಲ್ಲಿ ಈಗ ಶೆಫರ್ಡ್‌ಗಳಿಗೇನು ಬರವಿಲ್ಲ, ಬೆಳಗ್ಗೆ ಸೈಕಲ್ ತುಳಿಯುವವರಿಗೂ ಇಲ್ಲ. ಇಬ್ಬರನ್ನೂ ಜೊತೆಮಾಡುವವರು ಆ ನಿಯಮಗಳ ಅರ್ಥವನ್ನು ನಮ್ಮ ರಸ್ತೆಗೆ ಒಗ್ಗಿಸಿಕೊಳ್ಳಬೇಕು. ಜರ್ಮನಿಯಲ್ಲಿ ನಾಯಿ ಸೈಕಲ್ಲಿನ ಬಲಕ್ಕೆ ಓಡುತ್ತದೆ, ಏಕೆಂದರೆ ಅಲ್ಲಿ ರಸ್ತೆಯಂಚು ಬಲಕ್ಕಿದೆ. ನಮ್ಮಲ್ಲಿ ಅದು ಎಡಕ್ಕೆ ಓಡಬೇಕು. ಮೊದಲ ಕೆಲವು ದಿನ ಸೈಕಲ್ಲನ್ನು ತಳ್ಳಿಕೊಂಡು ಜೊತೆಗೆ ನಡೆಯುವುದು, ಆಮೇಲೆ ನಿಧಾನವಾಗಿ ಏರುವುದು. ಹಗ್ಗವನ್ನು ಹ್ಯಾಂಡಲ್ಲಿಗೆ ಕಟ್ಟಬಾರದು, ಕೈಗೆ ಸುತ್ತಬಾರದು. ಒಂದು ಬೆಕ್ಕು ಅಡ್ಡ ಬಂದರೆ ಇಬ್ಬರೂ ನೆಲಕ್ಕೆ.

ಯಾವ ನಿಯಮಪುಸ್ತಕದಲ್ಲೂ ಇಲ್ಲದ ಮಾತು ನಮ್ಮ ಮೇ ತಿಂಗಳ ಡಾಂಬರು. ಅಂಗೈಯ ಹಿಂಭಾಗವನ್ನು ಅದರ ಮೇಲೆ ಐದಾರು ಸೆಕೆಂಡು ಇಡಲಾಗದಿದ್ದರೆ, ಬರಿಗಾಲಿನ ನಾಯಿಗೆ ಅಂದು ರಜೆ. ಅದು ಪಕ್ಕದಲ್ಲಿ ಓಡುತ್ತಿದೆ ಎಂದ ಮಾತ್ರಕ್ಕೆ ಓಡಬಲ್ಲದು ಎಂದಲ್ಲ. ಒಡೆಯ ನಿಲ್ಲಿಸುವವರೆಗೆ ನಿಲ್ಲದಿರುವುದೇ ಆ ತಳಿಗೆ ನಾವು ಕಲಿಸಿದ ಪಾಠ.