ವಯನಾಡಿನ ಹಳೇ ಜೀಪಿಗೆ ಕಾವಲು

ಮಾನಂದವಾಡಿಯ ಹಳೇ ಜೀಪಿನವರು ಸಮತಟ್ಟು ಜಾಗ ಎದುರಿಗೇ ಖಾಲಿ ಇದ್ದರೂ ಅಲ್ಲಿ ಗಾಡಿ ನಿಲ್ಲಿಸುತ್ತಿರಲಿಲ್ಲ. ಇಳಿಜಾರು ಹುಡುಕಿ, ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಮುಂದಿನ ಚಕ್ರಕ್ಕೊಂದು ಕಲ್ಲು ಕೊಟ್ಟು ಹೋಗುತ್ತಿದ್ದರು. ಕಾರಣ ಬ್ಯಾಟರಿ. ಆಷಾಢದ ಮಳೆ ಹಿಡಿದು ಕೂತಾಗ ಸವೆದ ಬ್ಯಾಟರಿ ಬೆಳಗಿನ ಜಾವ ಸೆಲ್ಫ್ ಎತ್ತುವುದಿಲ್ಲ. ಕಲ್ಲು ಸರಿಸಿ ಗಾಡಿಯನ್ನು ಉರುಳಲು ಬಿಟ್ಟು, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಇಂಜಿನ್ ಒಂದು ಸಲ ಕೆಮ್ಮಿ ಹತ್ತಿಕೊಳ್ಳುತ್ತಿತ್ತು. ಮಾಲೀಕನಿಗೆ ಇದು ಎಷ್ಟು ಅನುಕೂಲವೋ ಕಳ್ಳನಿಗೂ ಅಷ್ಟೇ ಅನುಕೂಲ. ಗಾಡಿ ಸದ್ದಿಲ್ಲದೆ ಮನೆ ಮುಂದಿನಿಂದ ಜಾರಿ ತಿರುವು ದಾಟಿದ ಮೇಲೆ ಇಂಜಿನ್ ಹತ್ತಿದರೆ ಒಳಗೆ ಮಲಗಿದವರಿಗೆ ಎಲ್ಲಿ ಕೇಳಬೇಕು? ವಯನಾಡಿನಲ್ಲಿ ಹಳೇ ಗಾಡಿ ಕಾಯುವ ಕೆಲಸದ ಚರಿತ್ರೆಯೆಲ್ಲ ಈ ಇಕ್ಕಟ್ಟಿನ ಸುತ್ತಲೇ ಬೆಳೆದದ್ದು.

ನಾನು ಆಟೋ ಎಲೆಕ್ಟ್ರಿಷಿಯನ್. ನಮ್ಮಪ್ಪ ಎಚ್.ಡಿ. ಕೋಟೆ ಕಡೆಯಿಂದ ಬಾವಲಿ ದಾಟಿ ಬಂದು ಇಲ್ಲಿ ಜೀಪಿನ ವರ್ಕ್‌ಶಾಪ್ ಹಾಕಿದವರು. ಮನೆಯಲ್ಲಿ ಕನ್ನಡ, ಗಿರಾಕಿಗಳ ಹತ್ತಿರ ಮಲಯಾಳ, ಪಾನೆಯ ನಂಬರು ಕೂಗುವುದು ಇಂಗ್ಲಿಷಿನಲ್ಲಿ. ಹಾಗೆ ಬೆಳೆದವನು ನಾನು. ಅಪ್ಪನ ಕಾಲದಿಂದ ಈವರೆಗೆ ಜೀಪಿಗೆ ಎಂತೆಂಥ ಕಾವಲು ಹಾಕಿದೆವು ಎನ್ನುವುದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಇತ್ತು. ಅದನ್ನು ಬಲ್ಲ ಮೇಸ್ತ್ರಿಗಳು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಜೀಪು ಈ ಬೆಟ್ಟಕ್ಕೆ ಹೊಂದಿಕೊಂಡದ್ದಕ್ಕೆ ಯುದ್ಧದ ನಂಟಿದೆ. ಎರಡನೇ ಮಹಾಯುದ್ಧ ಮುಗಿದಾಗ ಸೈನ್ಯಕ್ಕೆ ಬೇಡವಾದ ಗಾಡಿಗಳು ದೇಶದ ಉದ್ದಗಲಕ್ಕೂ ಹರಾಜಾದವು. 1947ರಲ್ಲಿ ಮುಂಬಯಿಯಲ್ಲಿ ಮಹೀಂದ್ರದವರು ವಿಲ್ಲೀಸ್ ಜೀಪು ಜೋಡಿಸಲು ಶುರುಮಾಡಿದರು. ಆಗ ವಯನಾಡು ಮದರಾಸು ಪ್ರಾಂತ್ಯದ ಮಲಬಾರ್ ಜಿಲ್ಲೆಯ ಒಂದು ತಾಲ್ಲೂಕು. ಅಂಬಲವಯಲ್ ಸುತ್ತಿನ ಕಾಡನ್ನು ಸರ್ಕಾರ ಸೈನ್ಯದಿಂದ ಮರಳಿದವರಿಗೆ ಹಂಚುತ್ತಿದ್ದ ಕಾಲವೂ ಅದೇ. ತಿರುವಾಂಕೂರಿನಿಂದ ಬಂದ ರೈತರು ಗುಡ್ಡ ಕಡಿದು ಮೆಣಸು, ಕಾಫಿ ಹಾಕುತ್ತಿದ್ದರು. ಕೆಸರಿನ ದಾರಿಯಲ್ಲಿ ನಾಲ್ಕೂ ಚಕ್ರ ಎಳೆಯುವ ಗಾಡಿಯ ಎದುರು ಬೇರೆ ಕಾರು ನಿಲ್ಲಲಿಲ್ಲ. ಅಂಬಾಸಿಡರು ಪೇಟೆಯ ಡಾಕ್ಟರಿಗೆ, ಎಸ್ಟೇಟ್ ಮ್ಯಾನೇಜರಿಗೆ. ಗುಡ್ಡದ ಮೇಲಿನವರಿಗೆಲ್ಲ ಜೀಪೇ ಗತಿ.

ಯುದ್ಧಕ್ಕೆ ಮಾಡಿದ ಜೀಪುಗಳಲ್ಲಿ ಬಹುಪಾಲಿಗೆ ಕೀಲಿಕೈಯೇ ಇರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಬೆರಳಿಂದ ತಿರುಗಿಸುವ ಒಂದು ಸ್ವಿಚ್, ಕಾಲಬುಡದಲ್ಲಿ ಒತ್ತುವ ಸ್ಟಾರ್ಟರ್, ಅಷ್ಟೇ. ರಣರಂಗದಲ್ಲಿ ಕೀಲಿ ಕಳೆದರೆ ಗಾಡಿಯೇ ಹೋದಂತೆ. ಆದ್ದರಿಂದ ಯಾವ ಸಿಪಾಯಿ ಹತ್ತಿದರೂ ಓಡುವಂತೆ ಅದನ್ನು ಮಾಡಿದ್ದರು. ಅಂಥ ಗಾಡಿ ರೈತನ ಅಂಗಳಕ್ಕೆ ಬಂದಾಗ ಮೊದಲ ಪ್ರಶ್ನೆ ಕಾವಲಿನದೇ ಆಯಿತು.

ಉತ್ತರವೂ ಯುದ್ಧದಿಂದಲೇ ಬಂತು. 1940ರಲ್ಲಿ ಜರ್ಮನ್ ಸೈನಿಕರು ಪ್ಯಾರಾಚೂಟಿನಲ್ಲಿ ಇಳಿದು ಬೀದಿಯ ಕಾರು ಹತ್ತಿಯಾರು ಎಂದು ಹೆದರಿದ ಬ್ರಿಟನ್, ಬಿಟ್ಟುಹೋಗುವ ಪ್ರತಿ ಗಾಡಿಯನ್ನೂ ಓಡದ ಹಾಗೆ ಮಾಡಿಯೇ ಹೋಗಬೇಕು ಎಂದು ಆಜ್ಞೆ ಹೊರಡಿಸಿತು. ಅದಕ್ಕೆ ಸುಲಭದ ದಾರಿ ಡಿಸ್ಟ್ರಿಬ್ಯೂಟರಿನ ರೋಟರ್ ಕಿತ್ತು ಜೇಬಿಗೆ ಹಾಕಿಕೊಳ್ಳುವುದು. ರೋಟರ್ ಅಂದರೆ ಹೆಬ್ಬೆರಳ ತುದಿಯಷ್ಟು ಗಾತ್ರದ ಕಂದು ಬೇಕಲೈಟಿನ ತುಂಡು, ನೆತ್ತಿಯ ಮೇಲೊಂದು ಹಿತ್ತಾಳೆ ಪಟ್ಟಿ. ಅದು ಸುತ್ತುತ್ತಾ ಕಾಯಿಲಿನ ಕರೆಂಟನ್ನು ಸರದಿಯಂತೆ ನಾಲ್ಕು ಪ್ಲಗ್ಗುಗಳಿಗೆ ಹಂಚುತ್ತದೆ. ಅದಿಲ್ಲದಿದ್ದರೆ ಸೆಲ್ಫ್ ಎಷ್ಟು ತಿರುಗಿದರೂ ಪೆಟ್ರೋಲ್ ಉರಿಯುವುದಿಲ್ಲ. ಸೈನ್ಯದಿಂದ ಬಂದವರಿಗೆ ಈ ವಿದ್ಯೆ ಗೊತ್ತಿತ್ತು. ಸಂತೆಗೆ ಬಂದವರು, ಸೆಕೆಂಡ್ ಶೋ ಸಿನಿಮಾಕ್ಕೆ ಬಂದವರು ಬಾನೆಟ್ ಎತ್ತಿ, ಕ್ಯಾಪಿನ ಎರಡು ಕ್ಲಿಪ್ಪು ಬಿಡಿಸಿ, ರೋಟರನ್ನು ಬೀಡಿ ಕಟ್ಟಿನ ಕಾಗದದಲ್ಲಿ ಸುತ್ತಿ ಮುಂಡಿನ ಮಡಿಕೆಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದುದನ್ನು ಅಪ್ಪ ಎಷ್ಟೋ ಸಲ ವರ್ಣಿಸಿದ್ದಾರೆ. ಇದರಲ್ಲಿ ಒಂದು ಕೊರತೆ ಮಾತ್ರ ಇತ್ತು. ಒಂದು ಜೀಪಿನ ರೋಟರ್ ಇನ್ನೊಂದಕ್ಕೆ ಕೂರುತ್ತದೆ. ಜೇಬಿನಲ್ಲಿ ರೋಟರ್ ಇಟ್ಟುಕೊಂಡೇ ಬರುವ ಕಳ್ಳನಿಗೆ ಅದು ತಡೆಯಲ್ಲ. ಅದಕ್ಕೆಂದೇ ಅಪ್ಪ ಕಾಯಿಲಿಗೆ ಹೋಗುವ ವೈರನ್ನು ನಡುವೆ ಕತ್ತರಿಸಿ ಸೀಟಿನ ಅಡಿಗೆ ಒಂದು ಚಿಕ್ಕ ಸ್ವಿಚ್ ಕೂರಿಸುತ್ತಿದ್ದರು. ಒಂದು ಗಾಡಿಯಲ್ಲಿ ಸೀಟಿನಡಿ, ಇನ್ನೊಂದರಲ್ಲಿ ಟೂಲ್ ಬಾಕ್ಸಿನ ಹಿಂದೆ, ಮತ್ತೊಂದರಲ್ಲಿ ವೈಪರ್ ಮೋಟರಿನ ಪಕ್ಕ. ಜಾಗ ಎಲ್ಲಿ ಅಂತ ಮಾಲೀಕನಿಗೆ ಮತ್ತು ಅಪ್ಪನಿಗೆ ಬಿಟ್ಟರೆ ಯಾರಿಗೂ ಹೇಳುವ ಹಾಗಿರಲಿಲ್ಲ. ಸಹಾಯಕ್ಕಿದ್ದ ಹುಡುಗನನ್ನು ಆ ಹೊತ್ತಿಗೆ ಚಹಾ ತರಲು ಕಳಿಸುತ್ತಿದ್ದರು.

ಡೀಸೆಲ್ ಜೀಪು ಬಂದದ್ದೇ ಈ ವಿದ್ಯೆಯೆಲ್ಲ ಬುಡಮೇಲಾಯಿತು. ಟ್ರ್ಯಾಕ್ಟರಿನ ಇಂಜಿನ್ ಕೂರಿಸಿದ ಜೀಪುಗಳು ಮೊದಲು ಬಂದವು, ಆಮೇಲೆ ಪೂಜೋ ಇಂಜಿನ್ನಿನವು. ಡೀಸೆಲ್ ಇಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿಯಿಲ್ಲ, ಗಾಳಿಯನ್ನು ಒತ್ತಿದ ಕಾವಿಗೇ ಎಣ್ಣೆ ಹತ್ತಿಕೊಳ್ಳುತ್ತದೆ. ಹಳೆಯ ಪಂಪಿನ ಇಂಜಿನ್ ಒಮ್ಮೆ ತಿರುಗಿತೆಂದರೆ ಬ್ಯಾಟರಿ ಕಿತ್ತು ಬಿಸಾಕಿದರೂ ಓಡುತ್ತದೆ. ನಿಲ್ಲಿಸಲು ಪಂಪಿನ ಸ್ಟಾಪ್ ವೈರ್ ಎಳೆಯಬೇಕು. ಅಂದರೆ ಅದರ ಕೀಲಿಕೈ ದೀಪಕ್ಕೆ, ಹಾರನ್ನಿಗೆ, ಸೆಲ್ಫಿಗೆ ಮಾತ್ರ. ಇಳಿಜಾರಿನಲ್ಲಿ ನಿಲ್ಲಿಸಿದ ಡೀಸೆಲ್ ಜೀಪಿಗೆ ಚಕ್ರದಡಿಯ ಕಲ್ಲೇ ಬೀಗ.

ಸ್ಟಿಯರಿಂಗಿಗೂ ಕ್ಲಚ್ ಪೆಡಲಿಗೂ ಸೇರಿಸಿ ಸರಪಳಿ ಹಾಕಿ ಬೀಗ ಜಡಿಯುವುದು ಆಗ ಶುರುವಾಯಿತು. ಸರಪಳಿ ಕತ್ತರಿಸಲು ಹ್ಯಾಕ್ಸಾ ಬ್ಲೇಡ್ ಸಾಕು, ಆದರೆ ಹೊತ್ತು ಬೇಕು, ಸದ್ದೂ ಆಗುತ್ತದೆ. ನಮ್ಮ ವರ್ಕ್‌ಶಾಪಿನ ನಿಜವಾದ ಮದ್ದು ಬೇರೆ ಇತ್ತು: ಡೀಸೆಲ್ ಪೈಪಿನ ನಡುವೆ ಒಂದು ಹಿತ್ತಾಳೆ ಕಾಕ್. ಟ್ಯಾಂಕಿನಿಂದ ಪಂಪಿಗೆ ಬರುವ ಪೈಪು ಚಾಸಿಯ ಒಳಮೈಗೆ ಅಂಟಿಕೊಂಡು ಓಡುವ ಕಡೆ, ಕೈ ಮಾತ್ರ ನಿಲುಕುವ, ಕಣ್ಣಿಗೆ ಕಾಣದ ಜಾಗದಲ್ಲಿ ಅದನ್ನು ಕೂರಿಸುತ್ತೇವೆ. ರಾತ್ರಿ ಇಳಿಯುವಾಗ ಕಾಲು ಸುತ್ತು ತಿರುಗಿಸಿ ಬಂದರಾಯಿತು. ಕಳ್ಳ ಬಂದು ಗಾಡಿ ಉರುಳಿಸಿದ ಅನ್ನಿ. ಫಿಲ್ಟರಿನಲ್ಲಿ ಉಳಿದ ಎಣ್ಣೆಗೆ ಇಂಜಿನ್ ಚೆನ್ನಾಗಿಯೇ ಹತ್ತುತ್ತದೆ, ಒಂದಷ್ಟು ದೂರ ಓಡುತ್ತದೆ, ಆಮೇಲೆ ಏದುಸಿರು ಬಿಟ್ಟು ನಡುರಸ್ತೆಯಲ್ಲಿ ನಿಲ್ಲುತ್ತದೆ. ಆಗ ಕಾಕ್ ಸಿಕ್ಕಿ ತಿರುಗಿಸಿದರೂ ಪ್ರಯೋಜನವಿಲ್ಲ, ಪೈಪಿನಲ್ಲಿ ಏರ್ ಹಿಡಿದಿರುತ್ತದೆ. ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ, ಫೀಡ್ ಪಂಪನ್ನು ಕೈಯಲ್ಲಿ ಒತ್ತಿ ಒತ್ತಿ, ನೊರೆ ಹೋಗಿ ಶುದ್ಧ ಎಣ್ಣೆ ಬರುವವರೆಗೂ ಏರ್ ತೆಗೆಯಬೇಕು. ಕತ್ತಲಲ್ಲಿ, ಮಳೆಯಲ್ಲಿ, ಪಾನೆ ಇಲ್ಲದೆ ಅದು ಆಗುವ ಕೆಲಸವಲ್ಲ. ಕಾಟಿಕುಳಂ ಕಡೆಯ ಒಂದು ಕಾಫಿ ತೋಟದ ಜೀಪು ಹೀಗೇ ರಾತ್ರೋರಾತ್ರಿ ಹೋಗಿ, ಬೆಳಿಗ್ಗೆ ಹಾಲು ಹಾಕಲು ಹೊರಟವರ ಕಣ್ಣಿಗೆ ಎರಡು ತಿರುವಿನಾಚೆ ಬಿದ್ದಿತ್ತು. ಬಾನೆಟ್ ತೆರೆದಿತ್ತು, ಬ್ಯಾಟರಿ ಕೇಬಲ್ ಕಿತ್ತಿತ್ತು. ಪಾಪ, ಕರೆಂಟಿನಲ್ಲಿ ತಪ್ಪು ಹುಡುಕಿದ್ದ. ಅಪ್ಪ ಅಲ್ಲೇ ಮಂಡಿಯೂರಿ ಏರ್ ತೆಗೆದು ಗಾಡಿ ಓಡಿಸಿಕೊಂಡು ಬಂದರು. ಆ ಕಾಕಿನ ಮೇಲೆ ನನಗೆ ಇವತ್ತಿಗೂ ಇರುವ ನಂಬಿಕೆ ಬೇರೆ ಯಾವ ಬೀಗದ ಮೇಲೂ ಇಲ್ಲ.

ಆದರೂ ಗಾಡಿಗಳನ್ನು ಹೆಚ್ಚು ಕಾದವರು ಜನ. ಬಸ್ಸು ಹೋಗದ ಗುಡ್ಡಗಳಿಗೆ ಟ್ರಿಪ್ ಹೊಡೆಯುತ್ತಿದ್ದ ಜೀಪುಗಳ ಸದ್ದು, ಹಾರನ್ನು, ಮುಂದಿನ ಗಾಜಿನ ಮೇಲೆ ಬರೆದ ಹೆಸರು ದಾರಿಯುದ್ದಕ್ಕೂ ಎಲ್ಲರಿಗೂ ಪರಿಚಿತ. ಅದನ್ನು ಅಪರಿಚಿತನೊಬ್ಬ ಓಡಿಸಿಕೊಂಡು ಹೋದರೆ ಚಹಾದಂಗಡಿಯವನು ಎದ್ದು ನಿಂತು ನೋಡುತ್ತಿದ್ದ.

ನೆಲವೂ ಕಾದಿದೆ. ಕದ್ದ ಗಾಡಿ ಜಿಲ್ಲೆ ದಾಟಲು ಇರುವುದು ಬೆರಳೆಣಿಕೆಯ ದಾರಿಗಳು. ಸಮುದ್ರದ ಕಡೆ ಇಳಿಯಲು ತಾಮರಶ್ಶೇರಿ, ಕುಟ್ಯಾಡಿ, ಪೇರಿಯ, ಪಾಲ್ಚುರಂ ಘಟ್ಟಗಳು. ಗೂಡಲೂರು ಸುತ್ತಿ ಹೋದರೆ ನಾಡುಕಾಣಿ. ಕರ್ನಾಟಕಕ್ಕೆ ಮುತ್ತಂಗ, ಬಾವಲಿ, ತೋಲ್ಪೆಟ್ಟಿ. ಬೈರಕುಪ್ಪೆಗೆ ಕಬಿನಿ ದಾಟಲು ದೋಣಿಯೇ ಗತಿ, ಜೀಪು ಹೋಗುವಂತಿಲ್ಲ. ಬಾವಲಿಯ ಕಾಡುದಾರಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ಅದು ಆನೆ, ಜಿಂಕೆಗಳ ಜೀವ ಉಳಿಸಲು ಹಾಕಿದ ಗೇಟು. ವ್ಯಾಪಾರಸ್ಥರ ಕಷ್ಟ ನನಗೆ ಗೊತ್ತಿದ್ದೂ ನಾನು ಆ ಗೇಟಿನ ಪರ. ಕದ್ದ ಗಾಡಿಗೂ ರಾತ್ರಿ ಅಲ್ಲಿ ದಾರಿಯಿಲ್ಲ ಎನ್ನುವುದು ಅದರ ಜತೆಗೆ ಸಿಕ್ಕ ಲಾಭ. ತಾಮರಶ್ಶೇರಿ ಘಟ್ಟ ಹತ್ತಿ ಲಕ್ಕಿಡಿಗೆ ಬಂದರೆ ಸರಪಳಿ ಬಿಗಿದ ಮರವೊಂದಿದೆ. ದಾರಿ ತೋರಿಸಿದ ಪಣಿಯ ಬುಡಕಟ್ಟಿನ ಕರಿಂದಂಡನನ್ನು ಕೊಂದು ಆ ದಾರಿ ಕಂಡುಹಿಡಿದ ಹೆಸರನ್ನು ಇಂಗ್ಲಿಷ್ ಎಂಜಿನಿಯರ್ ತಾನು ಹೊತ್ತ, ಅವನ ಆತ್ಮವನ್ನು ಈ ಸರಪಳಿಯಲ್ಲಿ ಕಟ್ಟಿದ್ದಾರೆ ಎಂಬುದು ಇಲ್ಲಿನ ಐತಿಹ್ಯ. ಅಪ್ಪ ಅಲ್ಲಿ ಗಾಡಿ ನಿಧಾನಿಸಿ ಕೈ ಮುಗಿಯದೆ ಇಳಿದವರಲ್ಲ. ಈ ಜಿಲ್ಲೆಯಲ್ಲಿ ಆದ ಅತಿ ದೊಡ್ಡ ಕಳವು ಆ ಹೆಸರಿನದೇ ಎಂದು ನಾನೂ ನಂಬುತ್ತೇನೆ.

ಹೊಸ ಕಾರಿಗೆ ಬೀಗ ಬಿಗಿಯಾದಷ್ಟೂ ಹಳೆಯದರ ಪಾಡು ಕಷ್ಟವಾಗುತ್ತದೆ. ಇದಕ್ಕೆ ಹೊರದೇಶದ ಸಾಕ್ಷಿಯಿದೆ. ಪಶ್ಚಿಮ ಜರ್ಮನಿ 1960ರ ದಶಕದ ಆರಂಭದಲ್ಲಿ ಹೊಸದು ಹಳೆಯದು ಎನ್ನದೆ ಎಲ್ಲ ಕಾರುಗಳಿಗೂ ಸ್ಟಿಯರಿಂಗ್ ಲಾಕ್ ಕಡ್ಡಾಯ ಮಾಡಿತು, ಕಳವು ಇಳಿಯಿತು. ಬ್ರಿಟನ್ 1971ರಲ್ಲಿ ಹೊಸ ಕಾರುಗಳಿಗೆ ಮಾತ್ರ ಹಾಕಿಸಿತು. ಕಳ್ಳರು ಹೊಸದನ್ನು ಬಿಟ್ಟು ಹಳೆಯದಕ್ಕೆ ಕೈಹಾಕಿದರು ಎಂದು ಅಲ್ಲಿನ ಗೃಹ ಇಲಾಖೆಯ ಸಂಶೋಧಕರು 1976ರಲ್ಲಿ ತೋರಿಸಿದರು. ಈಗ ಕೀಲಿಯೊಳಗೇ ಚಿಪ್ ಇರುವ ಕಾರುಗಳ ಸಾಲಿನಲ್ಲಿ ನಿಂತ ಹಳೇ ಜೀಪನ್ನು ನೋಡುವಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ.

ಕದ್ದ ಜೀಪು ಓಡಾಡಬೇಕಾದರೆ ಅದಕ್ಕೊಂದು ಕಾಗದ ಬೇಕು. ಕಾವಲಿನ ಅರ್ಧ ಭಾಗ ಇರುವುದು ಇಲ್ಲಿ, ಮಾಲೀಕರು ಉದಾಸೀನ ಮಾಡುವುದೂ ಇಲ್ಲೇ. ಗುಜರಿಗೆ ಹೋದ ಜೀಪಿನ ಆರ್.ಸಿ. ಬುಕ್ಕನ್ನು ಕೊಂಡು, ಅದರ ಚಾಸಿ ನಂಬರನ್ನು ಕದ್ದ ಜೀಪಿಗೆ ಕೂರಿಸಿಬಿಟ್ಟರೆ ಸತ್ತ ಗಾಡಿಯ ಹೆಸರಲ್ಲಿ ಕದ್ದ ಗಾಡಿ ಬದುಕುತ್ತದೆ. ಇದನ್ನು ಹಿಡಿಯುವುದು ಪೆನ್ಸಿಲ್ ಪ್ರಿಂಟ್. ಚಾಸಿಯ ಪಟ್ಟಿಯ ಮೇಲೆ ನಂಬರು ಗುದ್ದಿದ ಕಡೆ ಡೀಸೆಲ್ ಬಟ್ಟೆಯಲ್ಲಿ ಕಿಟ್ಟ ಒರೆಸಿ, ಒಣಗಿಸಿ, ತೆಳು ಕಾಗದ ಬಿಗಿಯಾಗಿ ಹಿಡಿದು, ಪೆನ್ಸಿಲನ್ನು ಅಡ್ಡ ಮಲಗಿಸಿ ಹಗುರವಾಗಿ ಉಜ್ಜಬೇಕು. ಕಪ್ಪು ನಡುವೆ ಅಂಕೆಗಳು ಬೆಳ್ಳಗೆ ಮೂಡುತ್ತವೆ. ಕಾರ್ಖಾನೆಯಲ್ಲಿ ಗುದ್ದಿದ್ದಾದರೆ ಅಂಕೆಗಳ ಎತ್ತರ ಒಂದೇ, ಅಂತರ ಒಂದೇ. ಗ್ರೈಂಡ್ ಮಾಡಿ ಮತ್ತೆ ಗುದ್ದಿದ್ದರೆ ಸುತ್ತಲ ಲೋಹ ತಗ್ಗಾಗಿರುತ್ತದೆ, ಗೆರೆಗಳು ಓಡಿರುತ್ತವೆ. ಇಡೀ ತುಂಡನ್ನೇ ಬೆಸುಗೆ ಹಾಕಿದ್ದರೆ ಪೇಂಟಿನ ಕೆಳಗೆ ಬೆರಳಿಗೆ ಏಣು ತಾಗುತ್ತದೆ. ಆರ್.ಟಿ.ಒ. ಕಚೇರಿಯಲ್ಲಿ ಪ್ರಿಂಟ್ ತೆಗೆಯುವುದು ಮಾಮೂಲು ಕೆಲಸ, ನಾನು ಅದನ್ನು ಪ್ರತಿ ಗಿರಾಕಿಗೂ ತೆಗೆದುಕೊಟ್ಟು ಒಂದು ಪ್ರತಿಯನ್ನು ನನ್ನ ಪುಸ್ತಕದಲ್ಲಿ ಅಂಟಿಸಿಕೊಳ್ಳುತ್ತೇನೆ. ಅದರ ಪಕ್ಕದಲ್ಲಿ ಇನ್ನೊಂದು ಗುರುತನ್ನೂ ಬರೆಯುತ್ತೇನೆ. ಅಪ್ಪ ಸೆಂಟರ್ ಪಂಚಿನಿಂದ ಡ್ಯಾಶಿನ ಒಳಮೈಗೆ ಮೂರು ಚುಕ್ಕಿ ಹೊಡೆಯುತ್ತಿದ್ದರು. ಜಾಗ ಗಾಡಿಗೊಂದು.

ಮೈಸೂರು, ಗುಂಡ್ಲುಪೇಟೆ ಕಡೆಯಿಂದ ಜೀಪು ಕೊಳ್ಳಲು ಬರುವ ನಮ್ಮವರಿಗೆ ಇದನ್ನೇ ಹೇಳುತ್ತೇನೆ. ರೇಟು ಮಾತಾಡುವ ಮುಂಚೆ ಚಾಸಿ ನೋಡಿ, ಮೋಟಾರು ವಾಹನ ಕಾಯ್ದೆಯ 48ನೇ ಕಲಮಿನ ಎನ್.ಒ.ಸಿ. ಕೈಗೆ ಬಾರದೆ ಪೂರ್ತಿ ದುಡ್ಡು ಕೊಡಬೇಡಿ, ಕಳವಾದ ಗಾಡಿಗಳ ಪಟ್ಟಿಯಲ್ಲಿ ನಂಬರು ಇಲ್ಲವೆಂದು ಅಪರಾಧ ದಾಖಲೆ ಬ್ಯೂರೋದ ಪತ್ರ ತೆಗೆಸಿ. ಮಾರುವವರಿಗೆ ಹೇಳುವುದು ಇನ್ನೂ ಮುಖ್ಯ. ಅದೇ ಕಾಯ್ದೆಯ 55ನೇ ಕಲಮಿನ ಪ್ರಕಾರ ಗಾಡಿ ಇನ್ನು ಓಡುವುದಿಲ್ಲ ಎಂದಾದರೆ 14 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಿ ಬುಕ್ಕು ಒಪ್ಪಿಸಬೇಕು. ಗುಜರಿಯವನು ಬುಕ್ಕಿಗೆಂದು ಮೇಲೆ ಕೊಡುವ ದುಡ್ಡು ಬೇರೊಬ್ಬರ ಅಂಗಳದಿಂದ ಜೀಪು ಹೋಗಲು ಕೊಡುವ ಮುಂಗಡ.

ಒಂದು ಕಾಲಕ್ಕೆ ತೂಕಕ್ಕೆ ಹೋಗುತ್ತಿದ್ದ ಜೀಪುಗಳನ್ನು ಇಂದು ಹುಡುಗರು ಹುಡುಕಿಕೊಂಡು ಬರುತ್ತಾರೆ. ಮುತ್ತಂಗ, ತೋಲ್ಪೆಟ್ಟಿಯಲ್ಲಿ ಪ್ರವಾಸಿಗರನ್ನು ಕಾಡಿಗೆ ಒಯ್ಯುವ, 900 ಕಂಡಿ ಎಂಬ ಗುಡ್ಡ ಹತ್ತಿಸುವ ಹಳೇ ಜೀಪುಗಳಿಗೆ ಬೇಡಿಕೆ ಇದೆ. ಹೀಗಾಗಿ ಇಡೀ ಗಾಡಿ ಹೋಗದಿದ್ದರೂ ಸ್ಟೆಪ್ನಿ, ಬ್ಯಾಟರಿ ಹೋಗುತ್ತವೆ. ಮೊನ್ನೆ ಪುಲ್ಪಳ್ಳಿಯ ಹುಡುಗನೊಬ್ಬ ಹೊಸದಾಗಿ ಪೇಂಟ್ ಹೊಡೆಸಿದ ಜೀಪು ತಂದು, "ಮೇಸ್ತ್ರಿ, ಒಂದು ಜಿಪಿಎಸ್ ಹಾಕಿಬಿಡಿ, ಸಾಕು" ಅಂದ.

"ಹಾಕ್ತೀನಿ ಮೋನೇ. ಆದರೆ ಗಾಡಿ ಕಾಡೊಳಗೆ ಹೋದ್ರೆ ಅಲ್ಲಿ ಟವರ್ ಎಲ್ಲಿದೆ? ಹೋದ ಮೇಲೆ ಹುಡುಕೋಕೆ ಅದು. ಹೋಗದೇ ಇರೋಕೆ ಬೇರೆ ಮಾಡೋಣ."

ಮೊದಲು ಡೀಸೆಲ್ ಕಾಕ್ ಕೂರಿಸಿದೆ, ಅವನ ಕೈ ಹಿಡಿದು ಜಾಗ ಮುಟ್ಟಿಸಿದೆ. ಬ್ಯಾಟರಿಯ ಮೇಲೆ ಕಬ್ಬಿಣದ ಪಟ್ಟಿ ಬಿಗಿದು ಬೀಗ, ಸ್ಟೆಪ್ನಿಗೊಂದು, ಟ್ಯಾಂಕಿನ ಮುಚ್ಚಳಕ್ಕೊಂದು. ಸೆಲ್ಫ್ ಸರಿಮಾಡಿ ಒಳ್ಳೆ ಬ್ಯಾಟರಿ ಹಾಕಿ, ಇನ್ನು ಮೇಲೆ ಗಾಡಿಯನ್ನು ಸಮತಟ್ಟಿನಲ್ಲಿ, ಗೋಡೆಗೆ ಮೂತಿ ತಾಗುವಂತೆ, ಗೇರಿನಲ್ಲಿ ನಿಲ್ಲಿಸು ಅಂದೆ. ಆಮೇಲೆ ಜಿಪಿಎಸ್. ಕೊನೆಗೆ ಚಾಸಿಯ ಪೆನ್ಸಿಲ್ ಪ್ರಿಂಟ್ ತೆಗೆದು ಪುಸ್ತಕಕ್ಕೆ ಅಂಟಿಸಿದೆ. ಥರ್ಡ್ ಪಾರ್ಟಿ ವಿಮೆಯಲ್ಲಿ ಕಳವಿಗೆ ಕಾಸು ಸಿಗುವುದಿಲ್ಲ ಅಂತ ತಿಳಿದು ಅವನು ಅಲ್ಲೇ ನಿಂತು ಏಜೆಂಟರಿಗೆ ಫೋನ್ ಮಾಡತೊಡಗಿದ.